ಪೊಟ್ಟಣದ ಮೇಲಿನ ಹೆಸರು

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ತಕ್ಕಡಿ ಎನ್ನುತ್ತಿದ್ದರು. ನಾನೊಬ್ಬಳು ಮಾತ್ರ ಅಕ್ಕ ಎನ್ನುತ್ತಿದ್ದೆ. ಹದಿನೇಳು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಊಟದ ಡಬ್ಬಿ ಬಿಚ್ಚಿದವರು ಅದು ಹೇಗೆ ಮೇಡಂ ಆಗಿಯೇ ಉಳಿಯುತ್ತಾರೆ? ಅವರು ವಿಶ್ಲೇಷಕಿ, ನಾನು ಅವರ ವರದಿ ಟೈಪ್ ಮಾಡುವ ಗುಮಾಸ್ತೆ. ಪೊಲೀಸರು ಹಿಡಿದ ಪುಡಿ, ಮಾತ್ರೆ, ಕಾಗದದ ಚೂರು, ಆಸ್ಪತ್ರೆಯವರು ಕಳಿಸಿದ ರಕ್ತ, ಎಲ್ಲವೂ ಅರಗಿನ ಮುದ್ರೆ ಹಾಕಿಸಿಕೊಂಡು ನಮ್ಮಲ್ಲಿಗೆ ಬರುತ್ತವೆ. ಇದು ಏನು ಎಂಬ ಒಂದೇ ಪ್ರಶ್ನೆಗೆ ಅಕ್ಕ ಉತ್ತರ ಹುಡುಕಬೇಕು. ಆ ಉತ್ತರವನ್ನು ನಾನು ಮೂರು ಪ್ರತಿ ತೆಗೆಯಬೇಕು.

ತಕ್ಕಡಿ ಎಂಬ ಹೆಸರು ಬರಲು ಕಾರಣ ಅವರ ಬಾಯಿ. ಅಳೆಯದ ಮಾತು ಆ ಬಾಯಿಂದ ಬೀಳುತ್ತಿರಲಿಲ್ಲ. ಹೊರಗೆ ಬಿಸಿಲಿದೆಯಾ ಅಕ್ಕಾ ಎಂದು ಕೇಳಿದರೆ, "ನಾನು ಬರುವಾಗ ಇತ್ತು" ಎನ್ನುತ್ತಿದ್ದರು. ಈಗ ಇದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ. ಅವರ ಅಪ್ಪ ಗುಜರಿ ಅಂಗಡಿ ಇಟ್ಟಿದ್ದರಂತೆ. ಹಳೇ ಪೇಪರು ತೂಗುವಾಗ ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸುವುದು ಅಪ್ಪನ ಕೈಚಳಕ. ಒಂಬತ್ತು ವರ್ಷದ ಮಗಳು ಗಿರಾಕಿಯ ಮುಂದೆಯೇ, "ಅಪ್ಪಾ, ಬೆರಳು" ಎಂದಿದ್ದಳಂತೆ. ಗಿರಾಕಿ ಹೋದ ಮೇಲೆ ಕೆನ್ನೆಗೆ ಬಿದ್ದ ಏಟನ್ನು ಅಕ್ಕ ನನಗೆ ನಗುತ್ತಲೇ ಹೇಳಿದ್ದರು. ಅಪ್ಪನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅಪ್ಪ ಮಾಡಿದ್ದು ತಪ್ಪು, ಏಟು ಜೋರಾಗಿತ್ತು, ಅಷ್ಟೇ ಅವರ ಲೆಕ್ಕ.

ಅವರ ಗಂಡ ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಕತ್ತಲ ಬಾವಿಯಂಥ ಕಡೆ ನೇತಾಡಿ ಬಂದರೂ ಬಾಯಿ ತುಂಬ ತಮಾಷೆ. "ನಮ್ಮನೇಲಿ ಊಟ ಹೇಗಿತ್ತು ಅಂತ ಕೇಳ್ಬಾರದು ನೋಡಿ. ಉಪ್ಪು ಎಷ್ಟಿತ್ತು ಅಂತ ಹೇಳ್ತಾಳೆ, ಚೆನ್ನಾಗಿತ್ತಾ ಅಂತ ಹೇಳಲ್ಲ" ಎಂದು ನನ್ನ ಮುಂದೆ ಹೆಂಡತಿಯ ಕಾಲೆಳೆಯುತ್ತಿದ್ದರು. ಮಕ್ಕಳಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಆ ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ, ಅದೂ ಅವರ ಮನೆಯ ಒಂದು ಹಳೇ ಜೋಕು.

ಪ್ರಯೋಗಾಲಯದ ಒಳಕೋಣೆಯಲ್ಲಿ ಒಂದು ದೊಡ್ಡ ಯಂತ್ರವಿದೆ. ಅದರ ನಿಜವಾದ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಅಣುವನ್ನು ಚೂರುಚೂರು ಮಾಡಿ, ಚೂರುಗಳ ತೂಕ ನೋಡಿ, ಪರದೆಯ ಮೇಲೆ ಗೀಟುಗಳನ್ನು ಎಳೆಯುತ್ತದೆ. ಪ್ರತಿ ವಸ್ತುವಿಗೂ ಅದರದೇ ಗೀಟುಗಳ ಸಾಲು. ಯಂತ್ರದೊಳಗೆ ಸಾವಿರಾರು ವಸ್ತುಗಳ ಪಟ್ಟಿ ಇದೆ. ಹೊಸ ಗೀಟುಗಳನ್ನು ಆ ಪಟ್ಟಿಯ ಜೊತೆ ಹೋಲಿಸಿ, ಇದು ಇಂಥದ್ದು, ನೂರಕ್ಕೆ ಇಷ್ಟು ಹೊಂದುತ್ತದೆ ಎಂದು ಹೇಳುತ್ತದೆ. ಕಂಪನಿಯಿಂದ ಬಂದ ಪಟ್ಟಿ ಹಳೆಯದು. ಬೀದಿಯಲ್ಲಿ ಮಾರುವವರು ತಿಂಗಳಿಗೊಂದು ಹೊಸ ವಸ್ತು ತರುತ್ತಾರೆ. ಅದಕ್ಕೇ ಅಕ್ಕ ಯಂತ್ರದಲ್ಲಿ ನಮ್ಮದೇ ಒಂದು ಚಿಕ್ಕ ಪಟ್ಟಿ ಮಾಡಿದ್ದರು. ಅದಕ್ಕೆ ಮನೆಪಟ್ಟಿ ಎನ್ನುತ್ತಿದ್ದೆವು. ಕಂಪನಿಯ ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಅದರ ಗೀಟುಗಳನ್ನು ಮನೆಪಟ್ಟಿಗೆ ಸೇರಿಸಿ, ಹೆಸರು ಬರೆದು, ತಮ್ಮ ಸಹಿಯ ಮೊದಲ ಅಕ್ಷರ ಹಾಕುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಮನೆಯಿಂದ ಪೊಲೀಸರು ನಲವತ್ತು ಪುಟ್ಟ ಪೊಟ್ಟಣ ಹಿಡಿದು ತಂದಿದ್ದರು. ಒಂದೊಂದರ ಮೇಲೂ ಮಾರುವವನೇ ಪೆನ್ನಿನಲ್ಲಿ ಹೆಸರು ಬರೆದಿದ್ದ. ಅವುಗಳಲ್ಲಿ ಒಂದರ ಮೇಲೆ ಟೂ-ಸಿ-ಬಿ-ಫ್ಲೈ ಎಂದಿತ್ತು. ಕಂಪನಿಯ ಪಟ್ಟಿಯಲ್ಲಿ ಅದು ಇರಲಿಲ್ಲ. ಅಕ್ಕ ಪುಸ್ತಕ ತಿರುವಿ ನನಗೆ ಊಟದ ಹೊತ್ತಿನಲ್ಲಿ ಹೇಳಿದ್ದರು. ಇದು ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಗಿಡದ್ದಲ್ಲ, ಅಣಬೆಯದ್ದಲ್ಲ. ತಿಂದವರಿಗೆ ಗೋಡೆ ಉಸಿರಾಡಿದಂತೆ, ಬಣ್ಣಕ್ಕೆ ಸದ್ದಿದ್ದಂತೆ ಅನ್ನಿಸುತ್ತದೆ. ಒಂದು ಗಂಟೆಯಲ್ಲೋ ಒಂದೂವರೆಯಲ್ಲೋ ಏರುತ್ತದೆ, ಅರ್ಧ ದಿನದಲ್ಲಿ ಇಳಿಯುತ್ತದೆ. ಅಣುವಿನ ಚಿತ್ರ ಬರೆದರೆ ಎರಡು ಕಡೆ ರೆಕ್ಕೆಯಿದ್ದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ನಾನು ಅದನ್ನು ಚಿಟ್ಟೆ ಎಂದು ಕರೆದೆ.

ಪೊಟ್ಟಣದ ಮೇಲಿದ್ದ ಆ ಹೆಸರಿನಲ್ಲೇ ಅಕ್ಕ ಆ ಗೀಟುಗಳನ್ನು ಮನೆಪಟ್ಟಿಗೆ ಸೇರಿಸಿದರು. ಪಕ್ಕದಲ್ಲಿ 'ತಾತ್ಕಾಲಿಕ, ಶುದ್ಧ ಮಾದರಿ ಬಂದ ಮೇಲೆ ದೃಢಪಡಿಸುವುದು' ಎಂದು ಷರಾ ಬರೆದರು. ಶುದ್ಧ ಮಾದರಿ ಎಂದರೆ ಇದು ಇದೇ ಎಂದು ಪ್ರಮಾಣ ಮಾಡಿ ಕೊಡುವ ಸಣ್ಣ ಶೀಶೆ. ಅದನ್ನು ತರಿಸಲು ಇಂಡೆಂಟ್ ಹಾಕಿದರು. ಆ ಇಂಡೆಂಟಿನ ಫೈಲು ನನ್ನ ಮೇಜಿನ ಮೇಲೆ ಹುಟ್ಟಿ, ನನ್ನ ಕಪಾಟಿನಲ್ಲಿ ಮಲಗಿತು. ಮೇಲಿನ ಕಚೇರಿಯವರು ಮೂರು ಕಡೆಯಿಂದ ಕೊಟೇಶನ್ ತನ್ನಿ ಎಂದರು. ಅದನ್ನು ಮಾಡುವವರು ಒಬ್ಬರೇ ಎಂದು ಬರೆದೆವು. ಹಾಗಾದರೆ ಒಬ್ಬರೇ ಎಂಬುದಕ್ಕೆ ಮೂರು ಕಡೆಯಿಂದ ಪತ್ರ ತನ್ನಿ ಎಂದರು. ನನಗೆ ತಲೆ ಕೆಟ್ಟು ಫೈಲನ್ನು 'ನಂತರ ನೋಡುವುದು' ಎಂಬ ಕಟ್ಟಿಗೆ ಸೇರಿಸಿದೆ. ಆ ಕಟ್ಟಿನೊಳಗೆ ಹೋದ ಫೈಲು ಹೊರಗೆ ಬಂದದ್ದನ್ನು ನಾನು ಈ ಹದಿನೇಳು ವರ್ಷದಲ್ಲಿ ನೋಡಿಲ್ಲ.

ಈಗ ಆ ವಾರಕ್ಕೆ ಬರುತ್ತೇನೆ. ಕನ್ನಡಕದ ಅಂಗಡಿಯೊಂದರಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದರು. ಅವಳು ಗಾಜನ್ನು ಉಜ್ಜಿ ಚೌಕಟ್ಟಿಗೆ ಕೂರಿಸುವವಳು, ಇಪ್ಪತ್ತಾರು ವರ್ಷ. ಅವನು ಕೌಂಟರಿನಲ್ಲಿ ನಿಲ್ಲುವವನು. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಅವನ ಬಾಡಿಗೆ ಕೋಣೆಯಲ್ಲಿ ಕೂತು ಒಂದು ಪೊಟ್ಟಣ ಬಿಚ್ಚಿದರು. ಮೇಲೆ ಬರೆದದ್ದು ಅದೇ ಹೆಸರು, ಚಿಟ್ಟೆಯದು. ಒಂದು ಗಂಟೆ ಕಾದರು, ಏನೂ ಆಗಲಿಲ್ಲ. ಇನ್ನಷ್ಟು ತೆಗೆದುಕೊಂಡರು. ಸಂಜೆಗೆ ಅದು ಏರಿತು. ಅವನಿಗೆ ಫಿಟ್ಸ್ ಬಂತು, ಭಾನುವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಅವಳು ಬದುಕಿದಳು. ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ, ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು.

ಸೋಮವಾರ ಬೆಳಗ್ಗೆ ಪೊಟ್ಟಣದಲ್ಲಿ ಉಳಿದ ಪುಡಿ ತುರ್ತು ಎಂಬ ಕೆಂಪು ಚೀಟಿ ಅಂಟಿಸಿಕೊಂಡು ಬಂತು. ಅಕ್ಕ ಕೋಟು ಹಾಕಿಕೊಂಡು ಒಳಗೆ ಹೋದರು. ಹನ್ನೊಂದೂವರೆಗೆ ಹೊರಗೆ ಬಂದು, "ಮನೆಪಟ್ಟಿಯಲ್ಲಿ ತೊಂಬತ್ತೇಳು ಹೊಂದ್ತು. ಚಿಟ್ಟೆ" ಎಂದರು. ಪೊಟ್ಟಣದ ಮೇಲೂ ಅದೇ, ಯಂತ್ರದಲ್ಲೂ ಅದೇ. ನಾನು ಟೈಪ್ ಮಾಡುತ್ತಿದ್ದಾಗ ವಾರ್ಡಿನ ಡಾಕ್ಟರು ಫೋನ್ ಮಾಡಿದರು. ಫೋನ್ ಎತ್ತಿದ್ದು ನಾನು.

"ಹುಡುಗಿ ಕೈ ತುಂಬಾ ತಣ್ಣಗಿದೆ. ರಕ್ತನಾಳ ಬಿಗಿ ಹಿಡಿಯೋ ಜಾತಿ ವಸ್ತುನಾ ಅಂತ ಕೇಳಿ ಹೇಳಿ" ಎಂದರು.

ನಾನು ಫೋನಿಗೆ ಅಂಗೈ ಅಡ್ಡ ಹಿಡಿದು ಕೇಳಿದೆ. ಅಕ್ಕ ಪುಸ್ತಕದ ಪುಟ ತೆಗೆದು ಓದಿ, "ಇದಕ್ಕೆ ಆ ಮಟ್ಟಕ್ಕೆ ಬಿಗಿ ಹಿಡಿದದ್ದು ಇಲ್ಲಿ ಬರೆದಿಲ್ಲ. ಅರ್ಧ ದಿನದಲ್ಲಿ ಇಳಿಯುತ್ತೆ ಅಂತಿದೆ" ಎಂದರು. ನಾನು ಅದನ್ನೇ ಹೇಳಿದೆ. ಡಾಕ್ಟರಿಗೆ ಸಮಾಧಾನವಾಯಿತು. ಅರ್ಧ ದಿನದ ವಸ್ತು ಎಂದರೆ ಯಾವತ್ತೋ ಇಳಿದು ಹೋಗಿರಬೇಕು. ಮಂಗಳವಾರ ಬೆಳಗ್ಗೆ ಅವಳಿಗೆ ಜನರ ಗುರುತು ಸಿಗತೊಡಗಿತು. ವಾರ್ಡಿನ ಏಸಿಗೆ ಕೈ ತಣ್ಣಗಾಗಿದೆ ಎಂದುಕೊಂಡು ಅಮ್ಮನ ಜೊತೆ ಮನೆಗೆ ಕಳಿಸಿದರು.

ಬುಧವಾರ ಮಧ್ಯಾಹ್ನ ಅದೇ ಡಾಕ್ಟರು ಮತ್ತೆ ಫೋನ್ ಮಾಡಿದರು. ಈ ಸಲ ನಮಸ್ಕಾರವೂ ಇಲ್ಲ. "ಬಲಗೈ ಬೆರಳು ನೀಲಿ ತಿರುಗಿ ತುದಿ ಕಪ್ಪಾಗ್ತಿದೆ. ಅವಳಿಗೆ ಸೂಜಿ ಚುಚ್ಚಿದ್ರೂ ಗೊತ್ತಾಗ್ತಿಲ್ಲ. ನೀವು ಬರೆದ ವಸ್ತು ಹೀಗೆ ಮಾಡಲ್ಲ. ಇದು ಏನು ಅಂತ ಸರಿಯಾಗಿ ಹೇಳಿ, ಇಲ್ಲಾಂದ್ರೆ ಕೈ ಹೋಗುತ್ತೆ."

ಅಕ್ಕ ಕೇಳಿಸಿಕೊಂಡು, "ಒಂದು ಗಂಟೆ ಕೊಡಿ" ಎಂದು ಫೋನ್ ಇಟ್ಟರು. ಒಳಗೆ ಹೋಗುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ನಾನು ಹಿಂದೆಯೇ ಹೋದೆ. ಅವರು ಯಂತ್ರವನ್ನು ಮುಟ್ಟಲಿಲ್ಲ. ಮೊದಲು ತೆಗೆದದ್ದು ಮನೆಪಟ್ಟಿ. ಅಲ್ಲಿ ಚಿಟ್ಟೆಯ ಹೆಸರಿನ ಎದುರು ಎರಡು ವರ್ಷದ ಹಿಂದಿನ ತಾರೀಕು, ಅವರದೇ ಅಕ್ಷರ, ಅವರದೇ ಷರಾ. ಹೋಲಿಕೆಯ ಪರದೆಯಲ್ಲಿ ಷರಾ ಕಾಣುವುದಿಲ್ಲ, ಹೆಸರು ಮಾತ್ರ ಕಾಣುತ್ತದೆ. ಎರಡು ವರ್ಷದಲ್ಲಿ ಅವರೂ ಅದನ್ನು ಮರೆತಿದ್ದರು. ಮಾರುವವನು ಪೆನ್ನಿನಲ್ಲಿ ಬರೆದ ಹೆಸರನ್ನು ಅವರೇ ಯಂತ್ರಕ್ಕೆ ಹೇಳಿಕೊಟ್ಟಿದ್ದರು, ಸೋಮವಾರ ಯಂತ್ರ ಅದನ್ನೇ ಅವರಿಗೆ ವಾಪಸ್ ಹೇಳಿತ್ತು. ತೊಂಬತ್ತೇಳು ಹೊಂದಿದ್ದು ಸುಳ್ಳಲ್ಲ. ಅದೇ ಪುಡಿ, ಬಹುಶಃ ಅದೇ ಮಾರುವವನು. ಹೆಸರು ಮೊದಲ ದಿನದಿಂದಲೇ ತಪ್ಪು.

ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತರು. ಗೀಟುಗಳ ಸಾಲಿನ ತುದಿಯಲ್ಲಿ ಇಷ್ಟೇ ಇಷ್ಟು ಎತ್ತರದ ಒಂದು ಜೋಡಿ ಗೀಟು. ಅದು ಚೂರಾಗದೆ ಉಳಿದ ಪೂರ್ತಿ ಅಣುವಿನ ತೂಕವಂತೆ. ಬ್ರೋಮಿನ್ ಇರುವ ಅಣು ಯಾವಾಗಲೂ ಅವಳಿ ಗೀಟು ತೋರಿಸುತ್ತದೆ ಎಂದು ಅವರು ಒಮ್ಮೆ ಹೇಳಿದ್ದರು. ಅಷ್ಟು ಚಿಕ್ಕದಾದ್ದರಿಂದ ಕೊಳೆ ಎಂದುಕೊಂಡು ಬಿಟ್ಟಿದ್ದರು. ಈಗ ಅದನ್ನು ಓದಿದರು. ಚಿಟ್ಟೆಗೆ ಇರಬೇಕಾದ ತೂಕಕ್ಕಿಂತ ಹತ್ತು ಜಾಸ್ತಿ.

"ನೋಡು, ಹತ್ತು" ಎಂದರು. ಜೀವಮಾನವೆಲ್ಲ ತೂಗಿದವರು ಈ ಹತ್ತನ್ನು ತೂಗಿರಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ಹೆಸರು ಸಿಕ್ಕಿತು. ಬ್ರೋಮೋ-ಡ್ರ್ಯಾಗನ್‌ಫ್ಲೈ. ನಾವು ಚಿಕ್ಕವರಿದ್ದಾಗ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಹೆಸರು ಇದಕ್ಕೆ. ಅಕ್ಕ ವರದಿಯ ಹಾಳು ಪ್ರತಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ನಡುವೆ ಆರು ಮೂಲೆಯ ಉಂಗುರ, ಎರಡು ಪಕ್ಕಕ್ಕೆ ಐದು ಮೂಲೆಯ ರೆಕ್ಕೆಗಳು, ತಲೆಯ ಜಾಗದಲ್ಲಿ ಬ್ರೋಮಿನ್, ಕೆಳಗೆ ಬಾಲ. ನಾವು ಬರೆದ ಚಿಟ್ಟೆಯೂ ಹೀಗೇ ಕಾಣುತ್ತದೆ, ಬಾಲ ಮಾತ್ರ ಒಂದು ಗೆಣ್ಣು ಗಿಡ್ಡ, ರೆಕ್ಕೆಯ ಜೋಡಣೆ ಸ್ವಲ್ಪ ಬೇರೆ. ತೊಂಬತ್ತರ ದಶಕದ ಕೊನೆಗೆ ಒಂದು ವಿಶ್ವವಿದ್ಯಾಲಯದಲ್ಲಿ ಇದನ್ನು ಮೊದಲು ಮಾಡಿದರಂತೆ. ಮೆದುಳಿನ ಯಾವ ಬೀಗಕ್ಕೆ ಯಾವ ಕೀಲಿ ಎಂದು ತಿಳಿಯುವುದಕ್ಕೆ ಮಾಡಿದ್ದು, ಮನುಷ್ಯರು ತಿನ್ನಲಿ ಎಂದಲ್ಲ. ಉಪ್ಪಿನ ಕೆಲವು ಹರಳಿನಷ್ಟು ಸಾಕು. ಏರುವುದಕ್ಕೆ ಆರು ಗಂಟೆಯೂ ಹಿಡಿಯಬಹುದು, ಅದಕ್ಕೇ ಜನ ಏನೂ ಆಗಲಿಲ್ಲ ಎಂದು ಮತ್ತೆ ತಿನ್ನುತ್ತಾರೆ. ಇಳಿಯುವುದಕ್ಕೆ ಎರಡು ದಿನ, ಮೂರು ದಿನ. ರಕ್ತನಾಳಗಳನ್ನು ಹಿಂಡಿ ಹಿಡಿಯುತ್ತದೆ, ಕೈಕಾಲಿನ ತುದಿಗೆ ರಕ್ತ ಹೋಗುವುದಿಲ್ಲ, ಮೊದಲು ತಣ್ಣಗೆ, ಆಮೇಲೆ ಜೋಮು, ಆಮೇಲೆ ಏನೂ ಇಲ್ಲ. ಬೇರೆ ದೇಶಗಳಲ್ಲೂ ಹಿಂದೆ ಇದೇ ರೀತಿ ಚಿಟ್ಟೆಯ ಹೆಸರಿನಲ್ಲಿ ಇದು ಮಾರಾಟವಾಗಿ ಜನ ಸತ್ತಿದ್ದರಂತೆ. ಅದು ಒಂದು ಪತ್ರಿಕೆಯಲ್ಲಿ ಅಚ್ಚಾಗಿ, ನಮ್ಮದೇ ಗ್ರಂಥಾಲಯದ ಕಪಾಟಿನಲ್ಲಿ ಇತ್ತು.

ಅಕ್ಕ ನಿರ್ದೇಶಕರನ್ನು ಕೇಳದೆ ಡಾಕ್ಟರಿಗೆ ಫೋನ್ ಮಾಡಿದರು. ನಮ್ಮಲ್ಲಿ ಹಾಗೆ ಮಾಡುವಂತಿಲ್ಲ, ವರದಿ ಸಹಿಯಾಗಿ ಲಕೋಟೆಯಲ್ಲೇ ಹೋಗಬೇಕು. ಹೊಸ ಹೆಸರು ಹೇಳಿ, ಅಕ್ಷರ ಬಿಡಿಸಿ ಬರೆಸಿ, "ಸೋಮವಾರ ನಾನು ಹೇಳಿದ್ದು ತಪ್ಪು" ಎಂದರು. ಆ ಕಡೆಯಿಂದ ಡಾಕ್ಟರು ಏನೋ ಜೋರಾಗಿ ಹೇಳಿದರು. ಇವರು "ಹೌದು" ಎಂದರು. ಮತ್ತೇನೋ ಹೇಳಿದರು. ಇವರು ಮತ್ತೆ "ಹೌದು" ಎಂದರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಪಾಟು ತೆಗೆದು ಆ ಕಟ್ಟಿನಿಂದ ಇಂಡೆಂಟಿನ ಫೈಲು ಎಳೆದು ಅವರ ಮುಂದೆ ಇಟ್ಟೆ. "ಇದು ನನ್ನ ಹತ್ರಾನೇ ಇತ್ತು ಅಕ್ಕಾ. ನಾನು ಬೆನ್ನು ಹತ್ತಿದ್ರೆ ಶೀಶೆ ಬರ್ತಿತ್ತು. ಶೀಶೆ ಬಂದಿದ್ರೆ ನಿಮಗೆ ಅವತ್ತೇ ಗೊತ್ತಾಗ್ತಿತ್ತು" ಎಂದೆ.

ಅವರು ಫೈಲಿನ ಹೊದಿಕೆ ನೋಡಿ ನನ್ನ ಕಡೆಗೇ ಸರಿಸಿದರು. "ಶೀಶೆ ಇಲ್ಲದೇ ಹೆಸರು ಬರೆದದ್ದು ನಾನು. ಒಳಗಿಡು."

ಗುರುವಾರ ನಿರ್ದೇಶಕರು ಇಬ್ಬರನ್ನೂ ಕರೆದರು. ಅವರು ಕೆಟ್ಟವರಲ್ಲ, ನಿವೃತ್ತಿಗೆ ಎಂಟು ತಿಂಗಳು ಇತ್ತು ಅಷ್ಟೇ. "ಹೆಚ್ಚಿನ ವಿಶ್ಲೇಷಣೆಯಿಂದ ವಸ್ತುವಿನ ಗುರುತು ಪರಿಷ್ಕೃತವಾಗಿದೆ ಅಂತ ಬರೀರಿ ಮೇಡಂ. ತಪ್ಪು ಅನ್ನೋ ಪದ ಬೇಡ. ಆ ಪದ ಒಂದ್ಸಲ ಕಾಗದಕ್ಕೆ ಹತ್ತಿದ್ರೆ ಇಳಿಯಲ್ಲ" ಎಂದರು. ಹೊರಗೆ ಬಂದ ಮೇಲೆ ಅಕ್ಕ ನನಗೆ ಹೇಳಿ ಬರೆಸಿದರು. "ಹಿಂದಿನ ವರದಿಯಲ್ಲಿ ಹೇಳಿದ ಹೆಸರು ತಪ್ಪು. ದೃಢಪಡಿಸದ ಮಾದರಿಯ ಜೊತೆ ಹೋಲಿಸಿದ್ದರಿಂದ ಈ ತಪ್ಪು ಆಗಿದೆ. ಹೋಲಿಸಿದ್ದು ನಾನು." ಮೂರೇ ವಾಕ್ಯ. ನಿರ್ದೇಶಕರು ಅದನ್ನು ಓದಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಹಾಗೆಯೇ ಮೇಲಿನ ಕಚೇರಿಗೆ ಕಳಿಸಿದರು. ವಿಚಾರಣೆಗೆ ಅಲ್ಲಿಂದಲೇ ದಾರಿಯಾಯಿತು.

ಆಸ್ಪತ್ರೆಯಲ್ಲಿ ನಾಳ ಸಡಿಲಿಸುವ ಔಷಧಿಯನ್ನು ಹನಿಹನಿಯಾಗಿ ಬಿಟ್ಟರು. ಹೆಬ್ಬೆರಳು, ಕಿರುಬೆರಳು ಬಣ್ಣಕ್ಕೆ ಮರಳಿದವು. ನಡುವಿನ ಮೂರು ಮರಳಲಿಲ್ಲ. ಹನ್ನೊಂದನೇ ದಿನ ಅವನ್ನು ಎರಡನೇ ಗೆಣ್ಣಿಗೆ ಕತ್ತರಿಸಿದರು. ಡಾಕ್ಟರು ಅದನ್ನು ಫೋನಿನಲ್ಲಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, "ಸೋಮವಾರ ಸರಿಯಾಗಿ ಹೇಳಿದ್ರೆ?" ಡಾಕ್ಟರ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. "ಬಹುಶಃ ಉಳೀತಿತ್ತು. ಬಹುಶಃ ಇಲ್ಲ. ಶನಿವಾರದಿಂದಲೇ ಬಿಗಿ ಹಿಡಿದಿತ್ತು. ನಂಗೆ ಗೊತ್ತಿಲ್ಲ ಮೇಡಂ, ಯಾರಿಗೂ ಗೊತ್ತಾಗಲ್ಲ" ಎಂದರು.

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅಕ್ಕ ಒಂಬತ್ತೂವರೆಗೆ ಬರುತ್ತಿದ್ದರು, ಕೋಟು ಹಾಕುತ್ತಿದ್ದರು, ಮನೆಪಟ್ಟಿಯ ನೂರ ಹದಿನಾಲ್ಕು ಹೆಸರುಗಳನ್ನು ಒಂದೊಂದಾಗಿ ತೆಗೆದು ತೂಕ ಲೆಕ್ಕ ಹಾಕುತ್ತಿದ್ದರು. ನನ್ನ ಜೊತೆ ಊಟಕ್ಕೆ ಕೂರುತ್ತಿದ್ದರು, ಡಬ್ಬಿ ಖಾಲಿ ಮಾಡುತ್ತಿದ್ದರು. ಅಳು ಬರುತ್ತಾ ಅಕ್ಕಾ ಎಂದು ಒಂದು ದಿನ ಕೇಳಿಯೇಬಿಟ್ಟೆ. "ಇಲ್ಲ. ಏನೂ ಆಗ್ತಿಲ್ಲ. ಆಗಬೇಕಿತ್ತು ಅನ್ಸುತ್ತೆ" ಎಂದರು. ಅವರ ಆ ಸಮಾಧಾನ ಕಂಡು ನನಗೆ ಸಿಟ್ಟು ಬಂತು. ಮನೆಗೆ ಹೋಗಿ ನನ್ನ ಗಂಡನ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ.

ಭಾನುವಾರ ಬೆಳಗ್ಗೆ ಅವರ ಮನೆಗೆ ಹೋದೆ. ಅಕ್ಕ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದರು. ಭಾವ ಚಹಾ ಮಾಡಿ ತಂದಿಟ್ಟರು. ತಮಾಷೆ ಇರಲಿಲ್ಲ. "ಲಿಫ್ಟ್ ನಡುವೆ ಸಿಕ್ಕಿಹಾಕ್ಕೊಂಡ್ರೆ ಒಳಗಿನೋರು ಬಾಗಿಲು ಬಡೀತಾರಮ್ಮ, ಬೈತಾರೆ, ಅಳ್ತಾರೆ. ಅಂಥೋರ ಬಗ್ಗೆ ನಂಗೆ ಚಿಂತೆ ಇಲ್ಲ. ಕೆಲವರು ಸದ್ದೇ ಮಾಡಲ್ಲ. ಒಳಗೆ ಯಾರೂ ಇಲ್ವೇನೋ ಅಂದ್ಕೊಂಡು ನಾವು ಹೊರಗೆ ನಿಧಾನಕ್ಕೆ ಕೆಲಸ ಮಾಡ್ತಿರ್ತೀವಿ" ಎಂದರು. ನಾನು ಚಹಾ ಕುಡಿದು ಎದ್ದು ಬಂದೆ.

ಒಂದೂವರೆ ತಿಂಗಳಿನ ಮೇಲೆ ಆ ಹುಡುಗಿ ಅಮ್ಮನ ಜೊತೆ ನಮ್ಮಲ್ಲಿಗೆ ಬಂದಳು. ಎರಡೂ ವರದಿಗಳ ದೃಢೀಕೃತ ಪ್ರತಿ ಬೇಕಿತ್ತು. ಅದು ನನ್ನ ಕೌಂಟರಿನ ಕೆಲಸ. ಅರ್ಜಿಯ ಕೆಳಗೆ ಸಹಿ ಮಾಡು ಎಂದೆ. ಎಡಗೈಯಲ್ಲಿ ಪೆನ್ನು ಹಿಡಿದು, ಮಗು ಅಕ್ಷರ ತಿದ್ದುವ ಹಾಗೆ ಒಂದೊಂದೇ ಅಕ್ಷರ ಬರೆದಳು. ಬಲಗೈಗೆ ಹತ್ತಿಬಟ್ಟೆಯ ಚೀಲ ತೊಡಿಸಿದ್ದರು. ಮುಖ ನೋಡಿದರೆ ಬಸ್ಸಿಗೆ ಕಾಯುವವರ ಮುಖ, ಅಷ್ಟೇ.

"ಆಸ್ಪತ್ರೆಯಿಂದ ಬಂದಾಗಿನಿಂದ ಹೀಗೇ ನೋಡಿ. ಒಂದು ಹನಿ ಕಣ್ಣೀರಿಲ್ಲ. ಬೆರಳು ಹೋದ್ರೂ ಅಳಲಿಲ್ಲ, ಆ ಹುಡುಗ ಹೋದದ್ದಕ್ಕೂ ಅಳಲಿಲ್ಲ" ಎಂದರು ಅಮ್ಮ.

ಒಳಕೋಣೆಯ ಬಾಗಿಲು ತೆರೆದು ಅಕ್ಕ ಬಂದರು. ಯಾರೂ ಕರೆದಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಆ ಮನೆಯವರ ಜೊತೆ ಮಾತಾಡಬೇಡಿ ಎಂದು ನಿರ್ದೇಶಕರು ಬರವಣಿಗೆಯಲ್ಲೇ ಕೊಟ್ಟಿದ್ದರು. ನಾನು ಕಣ್ಣಲ್ಲೇ ಬೇಡ ಎಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಹುಡುಗಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, "ಮೊದಲ ವರದಿ ನಾನು ಬರೆದದ್ದು. ಹೆಸರು ತಪ್ಪು ಬರೆದೆ" ಎಂದರು.

ಅಮ್ಮನ ಬಾಯಿ ತೆರೆದೇ ಉಳಿಯಿತು. ಹುಡುಗಿ ಮಾತ್ರ ತಲೆ ಆಡಿಸಿ, "ಅದು ನಿಜವಾಗಿ ಏನು?" ಎಂದು ಕೇಳಿದಳು.

ಅಕ್ಕ ಹೇಳಿದರು. ನನಗೆ ಹೇಳಿದ್ದಕ್ಕಿಂತ ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದರು. ಆರು ಗಂಟೆಯ ಮಾತು ಬಂದಾಗ ಹುಡುಗಿ ತಡೆದಳು.

"ಆರು ಗಂಟೇನಾ?"

"ಒಮ್ಮೊಮ್ಮೆ ಆರು."

"ಒಂದು ಗಂಟೆ ಆದ್ಮೇಲೆ ನಾನೇ ಹೇಳಿದ್ದು, ಇದು ಡೂಪು ಕಣೋ, ಇನ್ನೊಂದಿಷ್ಟು ತಗೊಳ್ಳೋಣ ಅಂತ. ಅವನು ಬೇಡ ಅಂದ. ನಾನು ನಕ್ಕೆ, ಹೆದರುಪುಕ್ಕಲ ಅಂದೆ. ಆಮೇಲೆ ತಗೊಂಡ." ಇದನ್ನೆಲ್ಲ ಅವಳು ಅಂಗಡಿಯಲ್ಲಿ ಗಾಜಿನ ನಂಬರು ಓದಿ ಹೇಳುವ ದನಿಯಲ್ಲಿ ಹೇಳಿದಳು. "ಪೊಲೀಸರಿಗೂ ಹೇಳಿದೀನಿ. ಅಮ್ಮಂಗೆ ಹೇಳಿರಲಿಲ್ಲ."

ಅಮ್ಮ ಮಗಳ ಭುಜ ಹಿಡಿದುಕೊಂಡರು. ಹುಡುಗಿಗೆ ಅದು ಗೊತ್ತಾದ ಹಾಗೆ ಕಾಣಲಿಲ್ಲ. ಚೀಲದೊಳಗಿನ ಕೈಯನ್ನು ನೋಡುತ್ತಾ, "ಇದು ನಂಗೆ ಆಗಬೇಕಾದ್ದೇ ಅಂದ್ಕೊಂಡಿದೀನಿ. ಅವನಿಗೆ ಹಾಗೆ ಮಾಡಿದ್ದಕ್ಕೆ" ಎಂದಳು. ತಲೆಯೆತ್ತಿ ಅಕ್ಕನನ್ನು ಕೇಳಿದಳು. "ನೀವು ಸೋಮವಾರ ಸರಿ ಬರೆದಿದ್ರೆ ನನ್ನ ಬೆರಳು ಉಳೀತಿತ್ತಾ?"

ಈ ಪ್ರಶ್ನೆಗೆ ಉತ್ತರ ನನಗೂ ಬಾಯಿಪಾಠವಾಗಿತ್ತು. ಡಾಕ್ಟರು ಹೇಳಿದ್ದು ಅದೇ, ನಿರ್ದೇಶಕರು ಹೇಳಿಕೊಟ್ಟದ್ದೂ ಅದೇ, ಖಚಿತವಾಗಿ ಹೇಳಲಾಗದು. ಅದು ನಿಜವೂ ಹೌದು. ಬಿಸಿಲಿದೆಯಾ ಎಂದರೆ ಬರುವಾಗ ಇತ್ತು ಎನ್ನುವ ಬಾಯಿ ಇನ್ನೇನು ಹೇಳೀತು ಎಂದುಕೊಂಡೆ.

"ಉಳೀತಿತ್ತು" ಎಂದರು ಅಕ್ಕ.

"ಮೂರೂ?"

"ಮೂರೂ ಉಳೀತಿತ್ತು. ಅದು ನಿನ್ನಿಂದ ಆದದ್ದಲ್ಲ. ನನ್ನಿಂದ ಆದದ್ದು."

ಹುಡುಗಿ ಅವರನ್ನೇ ನೋಡಿದಳು. ತುಟಿ ಸೊಟ್ಟಗಾಯಿತು. ಆಮೇಲೆ ಅವಳ ಬಾಯಿಂದ ಬಂದ ಸದ್ದಿಗೆ ಒಳಕೋಣೆಯವರೆಲ್ಲ ಹೊರಗೆ ಓಡಿ ಬಂದರು. ಎಡಗೈಯಿಂದ ಮೇಜಿನ ಮೇಲಿದ್ದ ಮುದ್ರೆ, ಪೆನ್ನು, ಅರ್ಜಿ ಎಲ್ಲ ಚೆಲ್ಲಾಡಿದಳು. "ನಿಮ್ ಕೈ ಕತ್ತರಿಸ್ಬೇಕಿತ್ತು, ನಿಮ್ದು" ಎಂದು ಕಿರುಚಿದಳು. ಅಮ್ಮನೂ ಬೈದರು, ಬಾಯಿಗೆ ಬಂದದ್ದೆಲ್ಲ ಬೈದರು. ಅಕ್ಕ ಕುರ್ಚಿಯಿಂದ ಏಳಲಿಲ್ಲ. ಅವಳು ಅತ್ತು ಸಾಕಾಗುವವರೆಗೂ ಅಲ್ಲೇ ಕೂತಿದ್ದರು.

ಅವರು ಹೋದ ಮೇಲೆ ನಾನು ನೆಲದ ಮೇಲಿನ ಕಾಗದ ಆಯ್ದುಕೊಳ್ಳುತ್ತಲೇ ಶುರು ಮಾಡಿದೆ. "ನಿಮಗೇನು ತಲೆ ಕೆಟ್ಟಿದೆಯಾ? ಡಾಕ್ಟರೇ ಬಹುಶಃ ಅಂದಿದ್ದು. ಇಲ್ಲದ್ದನ್ನು ಯಾಕೆ ಮೈಮೇಲೆ ಎಳ್ಕೊಂಡ್ರಿ?"

"ಬಹುಶಃ ಅಂದಿದ್ರೆ ಅವಳು ಮನೆಗೆ ಹೋಗಿ ತನ್ನನ್ನೇ ಬೈಕೊಂಡು ಕೂರ್ತಿದ್ಲು ಕಣೇ" ಎಂದರು ಅಕ್ಕ. "ಅವಳಿಗೆ ಬೈಯೋಕೆ ಒಬ್ಬರು ಬೇಕಿತ್ತು."

ಹುಡುಗಿಯ ದೂರು ಒಂದು ವಾರದಲ್ಲಿ ಬಂತು. ಬೆರಳು ಉಳಿಯುತ್ತಿತ್ತು ಎಂದು ವಿಶ್ಲೇಷಕಿಯೇ ಒಪ್ಪಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ವಿಚಾರಣೆಯ ಅಧಿಕಾರಿ ಹೊರಗಿನವರು, ಸಭ್ಯರು. ಪ್ರಶ್ನೋತ್ತರವನ್ನು ಟೈಪ್ ಮಾಡಲು ನನ್ನನ್ನೇ ಕೂರಿಸಿದರು. ಮನೆಪಟ್ಟಿಯ ಷರಾ, ಇಂಡೆಂಟಿನ ಫೈಲು ಎಲ್ಲ ನೋಡಿ, ಇದಕ್ಕೆ ಒಂದು ಎಚ್ಚರಿಕೆ ಪತ್ರ ಸಾಕು ಎಂಬ ಹಂತಕ್ಕೆ ಅವರೇ ಬಂದಿದ್ದರು. ಆ ಒಂದು ಮಾತು ಮಾತ್ರ ಅಡ್ಡ ನಿಂತಿತ್ತು.

"ಬೆರಳುಗಳು ಉಳಿಯುತ್ತಿದ್ದವು ಎಂದು ಹೇಳಿದಿರಾ?" ಎಂದು ಕೇಳಿದರು.

"ಹೇಳಿದೆ."

"ಯಾವ ಆಧಾರದ ಮೇಲೆ?"

"ಆಧಾರ ಇಲ್ಲ."

"ಹಾಗಾದ್ರೆ ಆ ಹೇಳಿಕೆಯನ್ನು ಹಿಂತೆಗೆದುಕೊಳ್ಳಬಹುದು. ತೆಗೆದುಕೊಂಡ್ರೆ ನಿಮ್ಮ ಕೆಲಸಕ್ಕೆ ಏನೂ ಆಗಲ್ಲ. ದೂರುದಾರರಿಗೆ ಒಂದು ಪ್ರತಿ ಹೋಗುತ್ತೆ, ಅಷ್ಟೇ."

"ಅವಳಿಗೆ ಹೋಗುತ್ತಾ?" ಎಂದು ಕೇಳಿದರು ಅಕ್ಕ.

"ಹೋಗಲೇಬೇಕು."

ಅಕ್ಕ ತಮ್ಮ ಕೈ ನೋಡಿಕೊಂಡರು. ಆಮೇಲೆ, "ಹಿಂತೆಗೆದುಕೊಳ್ಳಲ್ಲ ಅಂತ ಬರ್ಕೊಳ್ಳಿ" ಎಂದರು. ಅಧಿಕಾರಿ ನನ್ನ ಕಡೆ ತಿರುಗಿದರು. ನಾನು ಹಾಗೆಯೇ ಟೈಪ್ ಮಾಡಿದೆ.